ಕಮಿಷನ್ ಇಲ್ಲದವರ ಮಾತು

ತಮ್ಮಾ, ಜಾಗ ನೋಡಿ ಬಂದೆವು, ಮನಸ್ಸಿಗೆ ಬಂದಿದೆ, ಬರುವ ಭಾನುವಾರ ಟೋಕನ್ ಕೊಟ್ಟುಬಿಡುತ್ತೇವೆ ಅಂದೆ. ಸಂತೋಷದ ಮಾತೇ. ಇಂಡಿ ಕಡೆಯ ಊರು ಬಿಟ್ಟು ಬಂದು, ಶಿರವಳದ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿದು, ಭೋರಿನಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಸಂಸಾರ ತೂಗಿಸಿದವರು ನೀವಿಬ್ಬರೂ. ಸ್ವಂತದ್ದು ಅಂತ ಒಂದು ಸೂರು ಬೇಕೆನ್ನಿಸುವುದು ತಪ್ಪಲ್ಲ. ಆದರೆ ಭಾನುವಾರಕ್ಕೆ ಮೊದಲು ಒಂದು ಲೆಕ್ಕ ಹಾಕು. ನೀನು ಸಹಿ ಮಾಡಿದ ಕೂಡಲೇ ಯಾರ್ಯಾರ ಕೈಗೆ ದುಡ್ಡು ಹೋಗುತ್ತದೆ?

ಜಾಗ ತೋರಿಸಿದ ಏಜೆಂಟನಿಗೆ ದಲಾಲಿ. ಮಾರುವವನಿಗೆ ಮುಂಗಡ. ಸಾಲ ಮಾಡಿಸಿಕೊಡುತ್ತೇನೆ ಅಂದವನಿಗೆ ಬ್ಯಾಂಕಿನಿಂದ ಇಷ್ಟು. ಸಾಲದ ಜೊತೆಗೆ ವಿಮೆ ಅಂಟಿಸುವವನಿಗೆ ಅಷ್ಟು. ನಿನ್ನ ಪಾಳಿಯ ಗೆಳೆಯ ‘ಒಳ್ಳೇ ಪಾರ್ಟಿ’ ಅಂತ ಪರಿಚಯ ಮಾಡಿಸಿದನಲ್ಲ, ಅವನಿಗೂ ಏನೋ ಸಿಗುತ್ತಿರಬಹುದು. ಇವರೆಲ್ಲ ಕೆಟ್ಟವರು ಅನ್ನುತ್ತಿಲ್ಲ. ಅವರವರ ಹೊಟ್ಟೆಪಾಡು. ಆದರೆ ‘ಬೇಡ, ಸ್ವಲ್ಪ ತಡಿ’ ಅಂತ ನಿನಗೆ ಹೇಳಲು ಇವರಲ್ಲಿ ಒಬ್ಬರಿಗೂ ಕಾರಣವಿಲ್ಲ. ಹೆಣ್ಣು ನೋಡಲು ಹೋದಾಗ ಮಧ್ಯಸ್ಥಗಾರನ ಮಾತೊಂದನ್ನೇ ನಂಬಿ ತಾಂಬೂಲ ಬದಲಾಯಿಸುತ್ತೇವೆಯೇ? ಓಣಿಯಲ್ಲಿ ನಾಲ್ಕು ಜನರನ್ನು ಕೇಳುತ್ತೇವೆ. ಮನೆಯ ವಿಷಯದಲ್ಲೂ ನಿನ್ನ ಸಹಿಯಿಂದ ಒಂದು ಪೈಸೆಯೂ ಬಾರದವರನ್ನು ಹುಡುಕಿ ಕೇಳು. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಅಂಥವರು ಬೇಕು ಅನ್ನುವುದು ಈ ಸೀಮೆಗೆ ಹೊಸ ವಿಚಾರವಲ್ಲ. ಇದೇ ಪುಣೆ ಜಿಲ್ಲೆಯ ಸುಪೆ ಊರಿನಲ್ಲಿ 1875ರ ಮೇ 12ರಂದು ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಹೆಚ್ಚಿನ ಕಡೆ ಅವರು ಕೇಳಿದ್ದು ಸಾಲಪತ್ರ, ಲೆಕ್ಕದ ವಹಿ. ಕೈಗೆ ಸಿಕ್ಕವನ್ನು ಸುಟ್ಟರು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಸಿಟ್ಟು ಅದು. ನಾಲ್ಕು ವರ್ಷದ ನಂತರ, 1879ರಲ್ಲಿ, ದಖನ್ ರೈತರ ಪರಿಹಾರ ಕಾಯ್ದೆ ಬಂತು. ರೈತ ಬರೆದುಕೊಡುವ ಸಾಲಪತ್ರ ಗ್ರಾಮ ನೋಂದಣಿದಾರನ ಎದುರಿಗೇ ಆಗಬೇಕು, ಜಗಳ ಕೋರ್ಟಿಗೆ ಹೋಗುವ ಮೊದಲು ರಾಜಿ ಮಾಡಿಸುವ ಮಧ್ಯಸ್ಥರಿರಬೇಕು ಎಂದು ಅದರಲ್ಲಿತ್ತು. ಆಗ ಪುಣೆಯಂತೆಯೇ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದ್ದರ ಹಿಂದೆಯೂ ಇದೇ ಸಾಹುಕಾರಿ ಸಾಲದ ಕಾಟವಿತ್ತು. ದೂರದ ಅಮೆರಿಕದಲ್ಲೂ 1968ರ ವಸತಿ ಕಾಯ್ದೆಯೇ ಮನೆ ಕೊಳ್ಳುವವರಿಗೆ ಸಲಹೆ ಕೊಡುವ ಏರ್ಪಾಡಿಗೆ ದಾರಿ ಮಾಡಿತು. ಅಲ್ಲಿ ಸರ್ಕಾರದ ಮಾನ್ಯತೆ ಪಡೆದ ಸೇವಾಸಂಸ್ಥೆಗಳು ಸಾಲಕ್ಕೆ ಮೊದಲೇ ಕುಟುಂಬವನ್ನು ಕೂರಿಸಿಕೊಂಡು ಲೆಕ್ಕ ತೋರಿಸುತ್ತವೆ.

ನಮ್ಮಲ್ಲಿ ಒಂದೇ ಬಾಗಿಲಲ್ಲಿ ಅದೆಲ್ಲ ಸಿಗುವುದಿಲ್ಲ. ನಾಲ್ಕು ಬಾಗಿಲು ತಟ್ಟಬೇಕು, ಆದರೆ ಬಾಗಿಲುಗಳಿವೆ. ರಿಸರ್ವ್ ಬ್ಯಾಂಕು 2017ರಿಂದ ಸೇವಾಸಂಸ್ಥೆಗಳ ಮೂಲಕ ಹಣಕಾಸು ಸಾಕ್ಷರತಾ ಕೇಂದ್ರಗಳನ್ನು ನಡೆಸುತ್ತಿದೆ, ಸುಮಾರು ಮೂರು ತಾಲ್ಲೂಕಿಗೆ ಒಂದರಂತೆ. ಪುಣೆ ಜಿಲ್ಲೆಯ ಲೀಡ್ ಬ್ಯಾಂಕು ಬ್ಯಾಂಕ್ ಆಫ್ ಮಹಾರಾಷ್ಟ್ರ. ಭೋರ್ ಯಾವ ಕೇಂದ್ರಕ್ಕೆ ಸೇರಿದೆ ಅಂತ ಆ ಬ್ಯಾಂಕಿನವರನ್ನು ಕೇಳು. ಅಲ್ಲಿ ಕೂತವರು ನಿನಗೆ ಸಾಲ ಮಾರುವುದಿಲ್ಲ, ಫೀ ಕೇಳುವುದಿಲ್ಲ. ಮನೆಯ ಆದಾಯ, ಖರ್ಚು, ಈಗಿರುವ ಸಾಲ ಇವನ್ನು ಒಂದು ಹಾಳೆಯ ಮೇಲೆ ಬರೆಸುತ್ತಾರೆ. ಇನ್ನು ಕೊಳ್ಳುವವರ ಪರ ನಿಲ್ಲುವ ಗ್ರಾಹಕ ಪಂಚಾಯತ್. ಬಿಂದುಮಾಧವ ಜೋಶಿಯವರು 1974ರಲ್ಲಿ ಪುಣೆಯಲ್ಲೇ ಹುಟ್ಟುಹಾಕಿದ ಚಳವಳಿ ಅದು. ಬಿಲ್ಡರ್ ಜೊತೆ ತಕರಾರು ಬಂದರೆ ಮನೆ, ಪ್ಲಾಟು ಯೋಜನೆಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರ ಮಹಾರೇರಾದ ರಾಜಿ ವೇದಿಕೆ 2018ರಿಂದ ಇದೆ. ಅಲ್ಲಿ ಗ್ರಾಹಕ ಸಂಘದ ಒಬ್ಬರು, ಬಿಲ್ಡರ್ ಸಂಘದ ಒಬ್ಬರು ಒಟ್ಟಿಗೆ ಕೂತು ಮಾತಾಡಿಸುತ್ತಾರೆ. ಆದರೆ ಮಹಾರೇರಾದಲ್ಲಿ ನೋಂದಾಯಿಸಿದ ಯೋಜನೆಗಷ್ಟೇ ಆ ದಾರಿ. ನೀನು ನೋಡಿರುವ ಜಾಗ ಅಂಥದ್ದೇ? ಅದನ್ನೇ ಮೊದಲು ಕೇಳಬೇಕಿತ್ತು.

ಈಗ ಜಾಗದ ಕಾಗದಕ್ಕೆ ಬರೋಣ. ಇಲ್ಲಿ ಕಾಪೂರಹೋಳದಿಂದ ಹಿಡಿದು ಭಾಟಘರ್ ಜಲಾಶಯದ ಹಿನ್ನೀರಿನವರೆಗೆ ರಸ್ತೆ ಬದಿಗೆಲ್ಲ ‘ಗುಂಠಾ ಪ್ಲಾಟ್’ ಬೋರ್ಡುಗಳು. ಗುಂಟೆ ಅಂದರೆ ನಿನಗೆ ಗೊತ್ತೇ ಇದೆ, 1,089 ಚದರಡಿ. ಊರಿನಲ್ಲಿ ನೀನು ಉತಾರ ಅನ್ನುವುದನ್ನು ಇಲ್ಲಿ ಸಾತ್‌ಬಾರಾ ಅನ್ನುತ್ತಾರೆ, ಏಳು ಮತ್ತು ಹನ್ನೆರಡನೇ ನಮೂನೆ ಸೇರಿದ ಕಾಗದ. ಏಜೆಂಟ್ ತೋರಿಸುವುದು ಮಾಲೀಕನ ಹೆಸರಿರುವ ಭಾಗ ಮಾತ್ರ. ನೀನು ನೋಡಬೇಕಾದ್ದು ‘ಇತರ್ ಹಕ್ಕ’ ಅನ್ನುವ ಅಂಕಣ. ಬ್ಯಾಂಕಿನ ಬೋಜಾ, ಕೋರ್ಟಿನ ತಡೆ, ಅಣ್ಣತಮ್ಮಂದಿರ ತಕರಾರು ಅಲ್ಲಿರುತ್ತವೆ. ಭೋಗವಟಾದಾರ, ಅಂದರೆ ಹಿಡುವಳಿದಾರನ, ವರ್ಗ ಒಂದೋ ಎರಡೋ ಅಂತಲೂ ನೋಡು. ಎರಡು ಅಂತಿದ್ದರೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಣೆಕಟ್ಟುಗಳಿರುವ ಈ ತಾಲ್ಲೂಕಿನಲ್ಲಿ ಈ ಪ್ರಶ್ನೆ ತಪ್ಪದೆ ಕೇಳಬೇಕು, ಯಾಕೆಂದರೆ ಪುನರ್ವಸತಿಗೆ ಕೊಟ್ಟ ಜಮೀನಿನ ಮೇಲೂ ಇಂಥ ನಿರ್ಬಂಧ ಇರುತ್ತದೆ.

ಎನ್‌ಎ, ಅಂದರೆ ಕೃಷಿಯೇತರ, ಆಗದ ಹೊಲದ ತುಂಡು ಅಗ್ಗಕ್ಕೆ ಸಿಗುತ್ತದೆ, ನಿಜ. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಕೃಷಿ ಜಮೀನು ಕೊಳ್ಳುವಂತಿಲ್ಲ ಅನ್ನುವ 1948ರ ಗೇಣಿ ಕಾಯ್ದೆ ಇನ್ನೂ ಇದೆ. ಕರ್ನಾಟಕ 2020ರಲ್ಲಿ ಆ ಬೇಲಿ ತೆಗೆದಿದೆ, ಅದನ್ನೇ ನೆನಪಿಟ್ಟುಕೊಂಡು ಇಲ್ಲಿ ವ್ಯವಹಾರಕ್ಕೆ ಇಳಿಯಬೇಡ. ಇದರ ಮೇಲೆ ಹೊಲವನ್ನು ತೀರ ಸಣ್ಣ ತುಂಡು ಮಾಡಿ ಮಾರುವುದನ್ನು ತಡೆಯುವ 1947ರ ತುಕಡೆಬಂದಿ ಕಾಯ್ದೆ. ಸರ್ಕಾರ ಅದನ್ನು ಆಗಾಗ ಸಡಿಲಿಸುತ್ತ ಬಂದಿದೆ, ಹಾಗಾಗಿ ಇವತ್ತಿನ ನಿಯಮವನ್ನು ತಹಸೀಲ್ದಾರ್ ಕಚೇರಿಯಲ್ಲೇ ಕೇಳು, ಚಹದಂಗಡಿಯಲ್ಲಿ ಅಲ್ಲ. ಈ ಕಾಯ್ದೆ ತಪ್ಪಿಸಲು ಕೆಲವರು ಹತ್ತು ಜನರನ್ನು ಸೇರಿಸಿ ಒಂದೇ ಖರೇದಿಖತ ಮಾಡಿಸುತ್ತಾರೆ. ಹತ್ತೂ ಹೆಸರು ಒಂದೇ ಸಾತ್‌ಬಾರಾದ ಮೇಲೆ ಬರುತ್ತವೆ. ಎಲ್ಲರಿಗೂ ಕಾಗದ ಸಿಕ್ಕಿತು, ಯಾರ ಗಡಿ ಎಲ್ಲಿ ಅಂತ ಮಾತ್ರ ಯಾವ ನಕಾಶೆಯಲ್ಲೂ ಇಲ್ಲ. ನಾಳೆ ನೀನು ಕಟ್ಟಡದ ಪರವಾನಗಿ ಕೇಳಿದರೆ, ಸಾಲ ಕೇಳಿದರೆ, ಮಾರಲು ಹೊರಟರೆ ಉಳಿದ ಒಂಬತ್ತು ಜನರ ಸಹಿ ಬೇಕು. ಅದರಲ್ಲಿ ಒಬ್ಬ ಸತ್ತಿದ್ದರೆ ಅವನ ಮಕ್ಕಳದ್ದೂ. ಇದಕ್ಕಿಂತ ಅಪಾಯ ನೋಟರಿ ಕಾಗದ ಮತ್ತು ಕುಲಮುಖತ್ಯಾರಪತ್ರದ ಮೇಲೆ ಕೊಳ್ಳುವುದು. ಮುಖತ್ಯಾರಪತ್ರದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಖಡಾಖಂಡಿತವಾಗಿ ಹೇಳಿದೆ.

ಫ್ಲ್ಯಾಟೋ, ಲೇಔಟ್ ಮಾಡಿದ ಪ್ಲಾಟೋ ಆದರೆ ಕೇಳಬೇಕಾದ್ದು ರೇರಾ ನಂಬರು. ಐನೂರು ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ನೋಂದಣಿ ಮಾಡಿಸದೆ ಮಾರುವಂತಿಲ್ಲ. ನಂಬರನ್ನು ಮಹಾರೇರಾದ ತಾಣದಲ್ಲಿ ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ, ಕೋರ್ಟು ಕೇಸು ಎಲ್ಲ ಕಾಣುತ್ತದೆ. ಭೋರ್ ತಾಲ್ಲೂಕಿನ ಒಂದು ಭಾಗ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಪಿಎಂಆರ್‌ಡಿಎ) ವ್ಯಾಪ್ತಿಗೆ ಬರುತ್ತದೆ, ಅಲ್ಲಿ ಗ್ರಾಮ ಪಂಚಾಯಿತಿಯ ಒಂದು ಚೀಟಿ ಸಾಕು ಅಂದರೆ ನಂಬಬೇಡ. ಸಾಠೇಖತ, ಅಂದರೆ ಮಾರಾಟದ ಕರಾರು, ನೋಂದಣಿ ಆಗುವ ಮೊದಲು ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ದರ ಕೇಳುವಾಗ ಕಾರ್ಪೆಟ್ ಏರಿಯಾ ಎಷ್ಟು ಅಂತ ಕೇಳು. ಸೂಪರ್ ಬಿಲ್ಟಪ್ ಅನ್ನುವುದರಲ್ಲಿ ಲಿಫ್ಟೂ ಮೆಟ್ಟಿಲೂ ಸೇರಿರುತ್ತವೆ, ಅಲ್ಲಿ ಚಾಪೆ ಹಾಸಿ ಮಲಗಲಿಕ್ಕೆ ಆಗುವುದಿಲ್ಲ.

ಸಾಲದ ಮಾತಿಗೆ ಪೆನ್ನು ತಗೋ. ಇಪ್ಪತ್ತು ಲಕ್ಷ, ಬಡ್ಡಿ ಶೇಕಡಾ ಎಂಟೂವರೆ ಅಂತ ಇಟ್ಟುಕೊಳ್ಳೋಣ. ಇಪ್ಪತ್ತು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 17,356 ರೂಪಾಯಿ, ಒಟ್ಟು ಕಟ್ಟುವುದು 41 ಲಕ್ಷ 65 ಸಾವಿರ. ಹದಿನೈದು ವರ್ಷಕ್ಕೆ ಇಳಿಸಿದರೆ ಕಂತು 19,695, ಒಟ್ಟು 35 ಲಕ್ಷ 45 ಸಾವಿರ. ತಿಂಗಳಿಗೆ 2,339 ರೂಪಾಯಿ ಹೆಚ್ಚು ಕಟ್ಟಿದರೆ ಆರು ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಈ ಲೆಕ್ಕವನ್ನು ಸಾಲ ಮಾಡಿಸುವವನು ತಾನಾಗಿ ತೋರಿಸುವುದು ಅಪರೂಪ, ಅವನು ಹೇಳುವುದು ‘ಕಂತು ಕಡಿಮೆ ಮಾಡಿಸಿಕೊಡುತ್ತೇನೆ’ ಅಂತ. ಹಾಗಂತ ಹದಿನೈದೇ ಹಿಡಿ ಅಂತ ಹಟ ಮಾಡುವುದಿಲ್ಲ. ಓವರ್‌ಟೈಮ್ ಸೇರಿಸಿ ಬರುವ ಸಂಬಳವನ್ನು ನಂಬಿ ಕಂತು ನಿಗದಿ ಮಾಡಿಕೊಂಡರೆ ಕಂಪನಿ ಪಾಳಿ ಕಡಿಮೆ ಮಾಡಿದ ತಿಂಗಳು ಅನ್ನಕ್ಕೆ ಕತ್ತರಿ ಬೀಳುತ್ತದೆ. ಮೂಲ ಸಂಬಳದ ಮೇಲೆ ಲೆಕ್ಕ ಹಾಕಿ ಇಪ್ಪತ್ತು ವರ್ಷಕ್ಕೇ ತಗೋ, ದೀಪಾವಳಿಯ ಬೋನಸ್ ಬಂದಾಗ ಅಸಲಿಗೆ ತುಂಬು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಮನೆ 25 ಲಕ್ಷದ್ದು ಅಂದರೆ ಬ್ಯಾಂಕು ಹೆಚ್ಚೆಂದರೆ ಶೇಕಡಾ 90 ಕೊಟ್ಟೀತು. ಉಳಿದ ಎರಡೂವರೆ ಲಕ್ಷ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಸಾಲದ ಲೆಕ್ಕಕ್ಕೆ ಬರುವುದಿಲ್ಲ, ಅದೂ ಕೈಯಿಂದಲೇ. ಈ ಹಣ ಹೊಂದಿಸಲಿಕ್ಕೆ ಜನ ಮೊಬೈಲ್ ಆ್ಯಪಿನ ಸಾಲಕ್ಕೆ ಕೈ ಹಾಕುತ್ತಾರೆ, ಇಲ್ಲವೇ ಹೆಂಡತಿಯ ಬಂಗಾರ ಅಡ ಇಡುತ್ತಾರೆ. ಮನೆಸಾಲದ ಕಂತಿನ ಮೇಲೆ ಇನ್ನೊಂದು ಕಂತು ಬಂದರೆ ನಿನ್ನ ಸಂಬಳ ತಡೆಯುವುದಿಲ್ಲ. ಅಷ್ಟು ಕೂಡುವ ತನಕ ಬಾಡಿಗೆ ಖೋಲಿಯಲ್ಲೇ ಇರು, ಅದರಲ್ಲಿ ಅವಮಾನವೇನಿಲ್ಲ. ಬ್ಯಾಂಕು ಕೊಡುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನುವ ಹಾಳೆ 2024ರ ಅಕ್ಟೋಬರ್‌ನಿಂದ ಕಡ್ಡಾಯವಾಗಿದೆ. ಬಡ್ಡಿ, ಫೀ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಒಂದೇ ಅಂಕಿಯಲ್ಲಿ ಇರುತ್ತದೆ. ಎರಡು ಬ್ಯಾಂಕಿನ ಹಾಳೆ ಪಕ್ಕಪಕ್ಕ ಇಟ್ಟು ನೋಡು.

ಉಳಿತಾಯ ಎಲ್ಲಿಟ್ಟಿದ್ದೀ ಅಂತ ಕೇಳಿದ್ದಕ್ಕೆ ಭಿಶಿ (ಗೆಳೆಯರ ಚೀಟಿ) ಮತ್ತು ಪತಸಂಸ್ಥೆ (ಪತ್ತಿನ ಸಹಕಾರಿ ಸಂಘ) ಅಂದೆ. ಭಿಶಿ ನಂಬಿಕೆಯ ಮೇಲೆ ನಡೆಯುವಂಥದ್ದು, ಮನೆಯ ಮುಂಗಡದಷ್ಟು ಹಣ ಅದರಲ್ಲಿ ಬೇಡ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತಸಂಸ್ಥೆಗೆ ಅದು ಇಲ್ಲ. ಬೋರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಅಂತ ಜನ ಅಲ್ಲಿಗೆ ಹೋಗುತ್ತಾರೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಗ್ಗೆ ನನಗೆ ತಂಗಿಯಂತಿರುವ ನಿನ್ನ ಹೆಂಡತಿ ಕೇಳಿದಳು. ನಗರದ ಹೊಸ ಯೋಜನೆಯಲ್ಲಿ ವರ್ಷಕ್ಕೆ ಒಂಬತ್ತು ಲಕ್ಷದೊಳಗಿನ ಆದಾಯದವರಿಗೆ, 35 ಲಕ್ಷ ಮೀರದ ಮನೆಗೆ, 25 ಲಕ್ಷ ಮೀರದ ಸಾಲಕ್ಕೆ ಬಡ್ಡಿ ಸಹಾಯಧನವಿದೆ, ಹೆಚ್ಚೆಂದರೆ 1.80 ಲಕ್ಷ, ಅದೂ ಐದು ಕಂತಿನಲ್ಲಿ. ಆದರೆ ದೇಶದಲ್ಲಿ ಎಲ್ಲಿಯೂ ನಿಮ್ಮ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಊರಿನ ಮನೆ ಅಪ್ಪನ ಹೆಸರಲ್ಲೇ ಇದ್ದರೆ ಅಡ್ಡಿಯಿಲ್ಲ. ಹೋದ ವರ್ಷ ವಾಟಣಿ ಮಾಡಿಕೊಂಡಿರಿ ಅಂತ ಕೇಳಿದ್ದೆ. ಮನೆ ನಿನ್ನ ಪಾಲಿಗೆ ಬಂದಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡ. ಯೋಜನೆ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಮುಂಗಡ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸು, ವಿಚಾರಣೆಗೆ ಭೋರ್ ನಗರಪರಿಷತ್ತಿನ ಕಚೇರಿಗೆ ನೇರವಾಗಿ ಹೋಗು.

ಇನ್ನೊಂದು. ಮನೆಯನ್ನು ತಂಗಿ ಒಬ್ಬಳ ಹೆಸರಿಗೇ ಕೊಂಡರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ ಒಂದು ರಿಯಾಯಿತಿ, 25 ಲಕ್ಷಕ್ಕೆ 25 ಸಾವಿರ. ಜಂಟಿ ಹೆಸರಿಗೆ ಸಿಗುವುದಿಲ್ಲ. ಅವಳೂ ದುಡಿಯುತ್ತಾಳೆ, ಟಿಫಿನ್ ಡಬ್ಬಿಯ ಲೆಕ್ಕ ಒಂದು ಪೈಸೆ ತಪ್ಪದ ಹಾಗೆ ಇಡುತ್ತಾಳೆ. ಹೆಸರು ಯಾರದ್ದೇ ಆಗಲಿ, ಕಾಗದದ ಮುಂದೆ ಅವಳನ್ನು ಕೂರಿಸು. ಖರೇದಿಖತದ ಮರಾಠಿ ನಿನಗೂ ನನಗೂ ಪೂರ್ತಿ ಹತ್ತುವ ಮರಾಠಿ ಅಲ್ಲ. ಮಾರುವವನ ವಕೀಲನಿಂದ ಅದನ್ನು ಓದಿಸಬೇಡ, ಬೇರೆ ವಕೀಲರಿಗೆ ನೀನೇ ಫೀ ಕೊಟ್ಟು ಓದಿಸು. ಆ ಫೀ ನೀನು ಸಹಿ ಮಾಡಿದರೂ ಅಷ್ಟೇ, ಮಾಡದೆ ಎದ್ದು ಬಂದರೂ ಅಷ್ಟೇ.

ಭಾನುವಾರದ ಟೋಕನ್ ಮುಂದಕ್ಕೆ ಹಾಕು. ಸೋಮವಾರ ನಿನಗೆ ರಾತ್ರಿ ಪಾಳಿ ಅಲ್ಲವೇ, ಹಗಲು ಬಿಡುವಿರುತ್ತದೆ. ಜಮೀನಿನ ಗಟ್ ನಂಬರ್ ಬರೆದುಕೊಂಡು ಬಾ, ಹೊಸ ಸಾತ್‌ಬಾರಾ ಮತ್ತು ಹಿಂದಿನ ಫೇರ್‌ಫಾರ್ (ಹಕ್ಕು ಬದಲಾವಣೆಯ ನಮೂದು) ನಕಲು ಇಬ್ಬರೂ ಹೋಗಿ ತೆಗೆಸೋಣ.