ಊರಿನ ಕಪ್ಪು ಪೈಪು, ಬಾಲ್ಕನಿಯ ಹಸಿರು ಪೈಪು

ಪ್ರಶ್ನೆ: ನಾವು ಠಾಣೆಯ ಮಾಜಿವಾಡಾದಲ್ಲಿ ಎತ್ತರದ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿದ್ದೇವೆ. ಬಾಲ್ಕನಿಯ ಗಿಡಗಳಿಗೆ ನೀರು ಹಾಕುವ ಹಸಿರು ಪೈಪು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಗಡುಸಾಗಿ ಬಿರಿಯುತ್ತದೆ. ಊರಿನ ಅಡಿಕೆ ತೋಟದ ಕಪ್ಪು ಪೈಪು ಮಾತ್ರ ವರ್ಷಗಟ್ಟಲೆ ಹೊರಗೇ ಬಿದ್ದಿದ್ದರೂ ಏನೂ ಆಗುವುದಿಲ್ಲ. ನಾವು ತರುವ ಮಾಲೇ ಕಳಪೆಯೋ? ಇತ್ತೀಚೆಗೆ ವಾಷಿಂಗ್ ಮೆಷಿನ್ನಿನ ಪೈಪು ಕೂಡ ಮಧ್ಯರಾತ್ರಿ ಒಡೆದು ಮನೆಯೆಲ್ಲ ನೀರಾಯಿತು. ಪೈಪುಗಳು ಬಾಳಿಕೆ ಬರಬೇಕಾದರೆ ಏನು ಮಾಡಬೇಕು?
– ಓದುಗರೊಬ್ಬರು, ಮಾಜಿವಾಡಾ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಪೈಪು ಹಾಳಾದರೆ ಹೆಚ್ಚಿನವರು ಅಂಗಡಿಯವನನ್ನು ಬೈದು ಹೊಸದು ತರುತ್ತಾರೆ, ಯಾಕೆ ಹಾಳಾಯಿತು ಎಂದು ಯೋಚಿಸುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳಿವೆ. ಬಾಲ್ಕನಿಯ ಪೈಪನ್ನು ಹಾಳು ಮಾಡಿದ್ದು ಬಿಸಿಲು. ಮೆಷಿನ್ನಿನ ಪೈಪನ್ನು ಒಡೆದದ್ದು, ಬಹುಶಃ, ನಿಮ್ಮ ಕಟ್ಟಡದ ಎತ್ತರ.

ಮೊದಲು ಕಪ್ಪು ಮತ್ತು ಹಸಿರು ಪೈಪಿನ ಗೊಂದಲ ಬಿಡಿಸೋಣ. ಇದು ಅನೇಕರಿಗೆ ಬರುವ ಗೊಂದಲ, ಏಕೆಂದರೆ ಎರಡನ್ನೂ ನಾವು ಪೈಪು ಎಂದೇ ಕರೆಯುತ್ತೇವೆ. ವಸ್ತು ಮಾತ್ರ ಬೇರೆ ಬೇರೆ. ನಿಮ್ಮ ಬಾಲ್ಕನಿಯದು ಮೆದು ಪಿವಿಸಿ. ಪಿವಿಸಿ ತನ್ನಷ್ಟಕ್ಕೆ ಗಡುಸಾದ ವಸ್ತು. ಗೋಡೆಯೊಳಗೆ ಹಾಕುವ ನೀರಿನ ಪೈಪುಗಳನ್ನು ನೆನಪಿಸಿಕೊಳ್ಳಿ. ಅದು ಬಾಗಲಿ ಎಂದು ತಯಾರಿಸುವಾಗಲೇ ಎಣ್ಣೆಯಂಥ ಒಂದು ದ್ರವವನ್ನು ಬೆರೆಸುತ್ತಾರೆ. ಇದಕ್ಕೆ ಪ್ಲಾಸ್ಟಿಸೈಸರ್ ಎಂದು ಹೆಸರು. ಬಿಸಿಲಿನ ಕಾವಿಗೆ ಈ ದ್ರವ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ, ಪೈಪು ಮತ್ತೆ ಗಡುಸಾಗುತ್ತದೆ. ಅದರ ಮೇಲೆ ಬಿಸಿಲಿನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನೇ ಕಡಿಯುತ್ತ ಬರುತ್ತವೆ. ಆಮೇಲೆ ಮಡಚಿದಲ್ಲೆಲ್ಲ ಬಿರುಕು.

ತೋಟದ ಕಪ್ಪು ಪೈಪು ಪಾಲಿಥೀನ್‌ನದು, ಅಂದರೆ ಎಚ್‌ಡಿಪಿಇ. ಅದಕ್ಕೆ ಮೆದುಗೊಳಿಸುವ ದ್ರವವೇ ಬೇಡ, ಆದ್ದರಿಂದ ಕಳೆದುಕೊಳ್ಳಲು ಏನೂ ಇಲ್ಲ. ಜೊತೆಗೆ ಶೇಕಡಾ 2ರಿಂದ 3ರಷ್ಟು ಇಂಗಾಲದ ಕಪ್ಪು ಪುಡಿ ಬೆರೆತಿರುತ್ತದೆ. ಬಣ್ಣ ಕಪ್ಪಾಗಿರುವುದು ಅದರಿಂದಲೇ. ನೇರಳಾತೀತ ಕಿರಣಗಳನ್ನು ಆ ಪುಡಿ ತಾನೇ ಹೀರಿಕೊಳ್ಳುತ್ತದೆ. ಇನ್ನೂ ಒಂದು ಮಾತು: ಅಡಿಕೆ ಮರಗಳ ನೆರಳಲ್ಲಿ ಹಾಕಿದ ಜಾಗದಲ್ಲೇ ಬಿದ್ದಿರುವ ಆ ಪೈಪನ್ನು ದಿನಾ ಯಾರೂ ಎಳೆಯುವುದಿಲ್ಲ, ಸುತ್ತುವುದಿಲ್ಲ. ಹಾಗೆಂದು ಅದನ್ನೇ ಠಾಣೆಗೆ ತಂದರೆ ಪ್ರಯೋಜನವಿಲ್ಲ. ಬಾಲ್ಕನಿಯ ಇಕ್ಕಟ್ಟಿನಲ್ಲಿ ಬಾಗಿಸಿದರೆ ಒಮ್ಮೆಗೇ ಮುರಿಮಡಿಕೆ ಬೀಳುತ್ತದೆ, ಆ ಮಡಿಕೆ ಮತ್ತೆ ಸರಿಯಾಗದು. ಕಪ್ಪು ಬಣ್ಣ ನೋಡಿ ಮೆದು ಪಿವಿಸಿಯನ್ನೇ ಕೊಂಡರೂ ಅಷ್ಟೆ, ಅದು ಎಚ್‌ಡಿಪಿಇ ಆಗುವುದಿಲ್ಲ.

ಹಾಗಾದರೆ ಬಾಲ್ಕನಿಯ ಪೈಪಿಗೆ ಏನು ಮಾಡಬೇಕು? ಕೊಳ್ಳುವಾಗ ಎರಡು ಪದರಗಳ ನಡುವೆ ದಾರದ ಹೆಣಿಗೆ ಇರುವುದನ್ನು ಆರಿಸಿ. ದಪ್ಪ ಇದ್ದರೆ ಗಟ್ಟಿ ಎಂದು ತಿಳಿಯುವವರಿದ್ದಾರೆ; ನೀರಿನ ಒತ್ತಡವನ್ನು ತಡೆಯುವುದು ಮುಖ್ಯವಾಗಿ ಆ ಹೆಣಿಗೆ. ಪಾರದರ್ಶಕ ಪೈಪು ಚೆಂದ ಕಂಡರೂ ಬೆಳಕು ಒಳಗೆ ಹೋಗಿ ಪಾಚಿ ಕಟ್ಟುತ್ತದೆ. ಬಳಸಿದ ಮೇಲೆ ಮೊದಲು ನಲ್ಲಿ ನಿಲ್ಲಿಸಿ, ಆಮೇಲೆ ತುದಿಯ ನಾಜಲ್ ತೆರೆದು ಒಳಗಿನ ನೀರನ್ನು ಪೂರ್ತಿ ಬಸಿಯಿರಿ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗಾಮುರುಗಾ: ನಾಜಲ್ ಮುಚ್ಚಿ, ನಲ್ಲಿಯನ್ನು ತೆರೆದೇ ಬಿಟ್ಟು ಒಳಗೆ ಹೋಗುತ್ತಾರೆ. ಏಪ್ರಿಲ್‌–ಮೇ ತಿಂಗಳ ಮಧ್ಯಾಹ್ನ ಒಳಗಿನ ನೀರು ಕಾದು ಹಿಗ್ಗುತ್ತದೆ, ಪೈಪಿನ ಗೋಡೆ ಅದೇ ಹೊತ್ತಿಗೆ ಮೆತ್ತಗಾಗಿರುತ್ತದೆ. ನಡುವೆ ಎಲ್ಲೋ ಬಲೂನಿನಂತೆ ಉಬ್ಬಿದ ಪೈಪನ್ನು ನೀವೂ ನೋಡಿರಬಹುದು.

ಪೈಪನ್ನು ಮೊಳೆಗೆ ನೇತುಹಾಕಬೇಡಿ, ಇಡೀ ಭಾರ ಒಂದೇ ಬಿಂದುವಿಗೆ ಬಿದ್ದು ಅಲ್ಲಿಯೇ ಮಡಿಕೆ ಬೀಳುತ್ತದೆ. ಹಳೆಯ ಬಕೆಟ್ಟೊಂದನ್ನು ಅಡ್ಡಲಾಗಿ ಗೋಡೆಗೆ ಬಿಗಿದು ಅದರ ಮೇಲೆ ಅಗಲವಾಗಿ ಸುತ್ತಿಡಿ, ಬಿಸಿಲು ತಾಗದ ಮೂಲೆಯಲ್ಲಿ. ನಲ್ಲಿಗೆ ಸಿಕ್ಕಿಸುವಾಗ ತುದಿ ಬಿಗಿ ಎನಿಸಿದರೆ ಬಿಸಿನೀರಿನಲ್ಲಿ ಅರೆಗಳಿಗೆ ಅದ್ದಿದರೆ ಸಾಕು, ಸಲೀಸಾಗಿ ಏರುತ್ತದೆ. ತಂತಿ ಸುತ್ತಿ ಬಿಗಿಯುವ ಅಭ್ಯಾಸ ಬಿಡಿ, ತಂತಿ ಪೈಪನ್ನು ಕೊಯ್ಯುತ್ತದೆ. ಅಗಲ ಪಟ್ಟಿಯ ಸ್ಕ್ರೂ ಕ್ಲಿಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗಿಡಗಳಿಗೆ ಔಷಧವನ್ನೂ ಅದೇ ಪೈಪಿನಲ್ಲಿ ಬಿಡುವುದಿದ್ದರೆ ಕೊನೆಗೆ ಚೊಕ್ಕ ನೀರು ಹರಿಸಿ ತೊಳೆಯಿರಿ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವವರು ಇದನ್ನು ತಪ್ಪಿಸುವುದಿಲ್ಲ. ಬೋರ್ಡೋ ದ್ರಾವಣದ ಸುಣ್ಣ ಒಳಗೆ ಒಣಗಿತೆಂದರೆ ಮರುದಿನ ನಾಜಲ್ ಕಟ್ಟಿಕೊಳ್ಳುತ್ತದೆಂದು ಅವರಿಗೆ ಗೊತ್ತು.

ಪೈಪು ಹಾಳಾಯಿತೆಂದು ಮೆಟ್ಟಿಲ ಬಳಿಯ ಕೆಂಪು ಹೋಸ್ ರೀಲನ್ನು ಎಳೆದು ಗಿಡಕ್ಕೋ ಕಾರಿಗೋ ನೀರು ಬಿಡುವವರೂ ಸೊಸೈಟಿಗಳಲ್ಲಿ ಇದ್ದಾರೆ. ಅದು ಬೆಂಕಿ ಬಿದ್ದ ದಿನಕ್ಕೆಂದು ಇಟ್ಟದ್ದು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯ ಪ್ರಕಾರ ಈ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಸೊಸೈಟಿ ಪ್ರತಿವರ್ಷ ಜನವರಿ ಮತ್ತು ಜುಲೈಯಲ್ಲಿ ಕೊಡಬೇಕು.

ಈಗ ಮಧ್ಯರಾತ್ರಿ ಒಡೆದ ಪೈಪಿನ ವಿಷಯ. ನೀರಿನ ಟ್ಯಾಂಕಿ ನಿಮ್ಮ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಬೀಳುತ್ತದೆ. ನಿಮ್ಮ ಕಟ್ಟಡಕ್ಕೆ 24 ಮಹಡಿ ಎಂದು ಇಟ್ಟುಕೊಳ್ಳೋಣ. ನಿಮ್ಮ ಮೇಲೆ 20 ಮಹಡಿ, ಒಂದೊಂದು 3 ಮೀಟರ್, ಒಟ್ಟು 60 ಮೀಟರ್. ಅಂದರೆ 6 ಕಿಲೋ. ಸರಿಯಾಗಿ ಕಟ್ಟಿದ ಎತ್ತರದ ಕಟ್ಟಡಗಳಲ್ಲಿ ಕೆಳ ಮಹಡಿಗಳಿಗೆ ಇದನ್ನು ತಗ್ಗಿಸುವ ವಾಲ್ವ್ ಇರುತ್ತದೆ. ಅದು ಕೆಟ್ಟಿದ್ದರೆ ಪೂರ್ತಿ ಒತ್ತಡ ನಿಮ್ಮ ಪೈಪಿನ ಮೇಲೆಯೇ. ಹಗಲು ಎಲ್ಲ ಮನೆಗಳಲ್ಲೂ ನೀರು ಹರಿಯುತ್ತಿರುವಾಗ ಒತ್ತಡ ಒಂದಿಷ್ಟು ಇಳಿಯುತ್ತದೆ, ರಾತ್ರಿ ಎಲ್ಲರೂ ನಲ್ಲಿ ಮುಚ್ಚಿ ಮಲಗಿದಾಗ ಏರುತ್ತದೆ. ನಿಮ್ಮ ಪೈಪು ಮಧ್ಯರಾತ್ರಿಯೇ ಒಡೆದದ್ದಕ್ಕೆ ಇದೇ ಕಾರಣ ಇರಬೇಕು. ನಿಮ್ಮ ಮನೆಯ ನಲ್ಲಿಗೆ ಗೇಜ್ ಹಾಕಿ ರಾತ್ರಿಯ ಒತ್ತಡ ನೋಡುವಂತೆ ಸೊಸೈಟಿಯ ಪ್ಲಂಬರ್‌ಗೆ ಹೇಳಿ. ಇದು ನಿಮ್ಮೊಬ್ಬರ ಮನೆಯ ತೊಂದರೆ ಆಗಿರಲಾರದು.

ನಿಮ್ಮ ಕೈಯಲ್ಲಿರುವ ಉಪಾಯ ಸುಲಭದ್ದು: ಬಟ್ಟೆ ಒಗೆದು ಮುಗಿದ ಕೂಡಲೇ ಮೆಷಿನ್ನಿನ ನಲ್ಲಿ ಮುಚ್ಚಿ. ಮುಚ್ಚಿದ ನಲ್ಲಿಯ ಆಚೆ ಟ್ಯಾಂಕಿಯ ಒತ್ತಡ ದಾಟುವುದಿಲ್ಲ. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಊರಿಗೆ ಹೊರಡುವಾಗಲಂತೂ ಇದನ್ನು ಮರೆಯಬೇಡಿ. ಮೆಷಿನ್ನನ್ನು ಗೋಡೆಗೆ ಒತ್ತಿ ಇಡದೆ ಹಿಂದೆ ಅಂಗೈ ಅಗಲದ ಜಾಗ ಬಿಡಿ, ಪೈಪು ಮಡಚಬಾರದು. ತುದಿಯ ನಟ್ಟನ್ನು ಕೈಯಿಂದಲೇ ಬಿಗಿಯಿರಿ. ಇಕ್ಕಳ ಹಾಕಿ ಬಲವಾಗಿ ತಿರುವಿದರೆ ಒಳಗಿನ ರಬ್ಬರ್ ವಾಷರ್ ನಜ್ಜುಗುಜ್ಜಾಗಿ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಎಷ್ಟೇ ಜೋಪಾನ ಮಾಡಿದರೂ ಐದು ವರ್ಷಕ್ಕೊಮ್ಮೆ ಈ ಪೈಪನ್ನು ಬದಲಾಯಿಸುವುದು ಮೇಲು.

ನೀವು ಕೇಳದ ಇನ್ನೊಂದು ಪೈಪು ಅಡುಗೆಮನೆಯಲ್ಲಿದೆ. ನೀರಿನ ಪೈಪಿನ ಆಯುಷ್ಯವನ್ನು ಆರೈಕೆಯಿಂದ ಹಿಗ್ಗಿಸಬಹುದು, ಗ್ಯಾಸ್ ಪೈಪಿನ ಆಯುಷ್ಯವನ್ನು ಹಿಗ್ಗಿಸಬಾರದು. ಸಿಲಿಂಡರಿಗೆ ಬಳಸುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ, ಮೈಮೇಲೆ ಐಎಸ್ 9573 ಎಂಬ ಗುರುತು ಮತ್ತು ವರ್ಷ ಅಚ್ಚಾಗಿರುತ್ತವೆ. ಅವಧಿ ಐದು ವರ್ಷ, ನೋಡಲು ಹೊಸದರಂತಿದ್ದರೂ ಅಷ್ಟೇ. ನಿಮ್ಮ ಕಡೆ ಅನೇಕ ಕಟ್ಟಡಗಳಿಗೆ ಮಹಾನಗರ ಗ್ಯಾಸ್‌ನವರ ಕೊಳವೆ ಅನಿಲ ಬರುತ್ತದೆ. ಅಲ್ಲಿಯೂ ನಲ್ಲಿಯಿಂದ ಒಲೆಯವರೆಗೆ ರಬ್ಬರ್ ಪೈಪಿದ್ದರೆ ಅದರ ಮೇಲಿನ ಅವಧಿಯನ್ನು ಇಷ್ಟೇ ಕಟ್ಟುನಿಟ್ಟಾಗಿ ಪಾಲಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉರಿಯುವ ಬರ್ನರಿನ ಕಾವು ತಾಗದಂತೆ ಒಲೆಯ ಕೆಳಭಾಗದಲ್ಲಿ ಸಾಗಿಸಿ, ಅಂದಕ್ಕೆಂದು ಮೇಲೆ ಬಟ್ಟೆಯ ಕವರ್ ತೊಡಿಸಬೇಡಿ. ಇಲಿ ಕಚ್ಚಿದ್ದೂ ಬಿರುಕು ಬಿಟ್ಟದ್ದೂ ಆ ಕವರಿನಡಿ ಕಾಣುವುದಿಲ್ಲ. ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೊರೆ ಹಚ್ಚಿ, ಕಡ್ಡಿ ಗೀರಬೇಡಿ. ಸಿಲಿಂಡರ್ ಗ್ಯಾಸ್ ಸೋರಿದರೆ ತುರ್ತು ಸಹಾಯವಾಣಿ 1906. ಬದಲಾಯಿಸಿದ ಹಳೆಯ ಪೈಪನ್ನು ಇಡಿಯಾಗಿ ಕಸಕ್ಕೆ ಹಾಕಬೇಡಿ, ಎರಡು ಮೂರು ತುಂಡು ಮಾಡಿ ಹಾಕಿ. ಗಟ್ಟಿಯಾಗಿಯೇ ಇದೆಯಲ್ಲ ಎಂದು ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ಒಲೆಗೆ ಸಿಕ್ಕಿಸುವುದು ಬೇಡ.