ಲಿನಕ್ಸ್‌ನಲ್ಲಿ ಪೈಥಾನ್ ಲೈಬ್ರರಿ ಹಾಕಿಕೊಳ್ಳುವ ಸರಿಯಾದ ಕ್ರಮ

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಒಳಹರಿವು ಹೆಚ್ಚಾಗಿ ಗೇಟ್ ತೆರೆದರೆ ಕೆಳಗಿನ ವಿರೂಪಾಪುರಗಡ್ಡೆಯ ಸುತ್ತ ನೀರು ಏರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ರಕ್ಷಣಾ ತಂಡಗಳು ಹೊರತರಬೇಕಾಯಿತು. ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ಆ ಅಂಕಿಗಳನ್ನು ದಿನವೂ ಬರೆದಿಟ್ಟು ಪೈಥಾನ್‌ನಲ್ಲಿ ಗ್ರಾಫ್ ಮಾಡಿದರೆ ನೀರು ಎಷ್ಟು ಬೇಗ ಏರುತ್ತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದಕ್ಕೆ ಬೇಕಾದ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಾವು ಬಳಸಬಹುದಾದ ಕೋಡ್.

ಉಬುಂಟು ಮತ್ತು ಡೆಬಿಯನ್‌ನಲ್ಲಿ ಇದನ್ನು ತರಲು ಎರಡು ದಾರಿಗಳಿವೆ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.)

ಮೊದಲನೆಯ ದಾರಿ: ಆ್ಯಪ್ಟ್

1. ಸುಡೋ ಆ್ಯಪ್ಟ್ ಅಪ್‌ಡೇಟ್
2. ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್3-ಮ್ಯಾಟ್‌ಪ್ಲಾಟ್‌ಲಿಬ್

ಮೊದಲ ಕಮಾಂಡ್ ಯಾವ ಸಾಫ್ಟ್‌ವೇರನ್ನೂ ಹಾಕುವುದಿಲ್ಲ, ಪ್ಯಾಕೇಜ್‌ಗಳ ಪಟ್ಟಿಯನ್ನು ಮಾತ್ರ ಹೊಸದು ಮಾಡುತ್ತದೆ. ಎರಡನೆಯದು ಲೈಬ್ರರಿಯನ್ನೂ ಅದು ಅವಲಂಬಿಸಿರುವ ನಂಪೈ ಮುಂತಾದವನ್ನೂ ಒಟ್ಟಿಗೆ ತರುತ್ತದೆ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್ ಇದೆ.

ಎರಡನೆಯ ದಾರಿ: ಪಿಪ್

ಪಿಪ್ ಪೈಥಾನ್‌ನದೇ ಪ್ಯಾಕೇಜ್ ಮ್ಯಾನೇಜರ್. ಆ್ಯಪ್ಟ್‌ನಲ್ಲಿ ಸಿಗದ ಲೈಬ್ರರಿ ಅಥವಾ ಹೊಸ ಆವೃತ್ತಿ ಬೇಕಾದಾಗ ಇದನ್ನು ಬಳಸುತ್ತೇವೆ. ಆದರೆ ಡೆಬಿಯನ್ 12 ಮತ್ತು ಉಬುಂಟು 23.04ರಿಂದ (ಎರಡೂ 2023) ನೇರವಾಗಿ ಪಿಪ್ ಇನ್‌ಸ್ಟಾಲ್ ಎಂದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ದೋಷ ಬರುತ್ತದೆ. ಕಾರಣ ಸರಳ. ಆ ಲಿನಕ್ಸ್‌ನ ಹಲವು ಉಪಕರಣಗಳೇ ಪೈಥಾನ್‌ನಲ್ಲಿವೆ. ಆ್ಯಪ್ಟ್ ಇಟ್ಟ ಲೈಬ್ರರಿಗೆ ಪಿಪ್ ತಂದ ಬೇರೆ ಆವೃತ್ತಿ ಅಡ್ಡ ಬಂದರೆ ಅವು ಕೆಡಬಹುದು. 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಎಂಬ ಆಯ್ಕೆ ಸೇರಿಸಿದರೆ ದೋಷ ಮಾಯವಾಗುತ್ತದೆ, ಅಪಾಯ ಹಾಗೇ ಉಳಿಯುತ್ತದೆ. ಅದರ ಬದಲು ನಿಮ್ಮದೇ ಪ್ರತ್ಯೇಕ ಪರಿಸರ ಮಾಡಿಕೊಳ್ಳಿ:

1. ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್
2. ಪೈಥಾನ್3 -ಎಂ ವೆನ್ವ್ ನದಿ
3. ಸೋರ್ಸ್ ನದಿ/ಬಿನ್/ಆ್ಯಕ್ಟಿವೇಟ್
4. ಪಿಪ್ ಇನ್‌ಸ್ಟಾಲ್ ಮ್ಯಾಟ್‌ಪ್ಲಾಟ್‌ಲಿಬ್

'ನದಿ' ಎಂಬುದು ನಾವು ಕೊಟ್ಟ ಫೋಲ್ಡರ್ ಹೆಸರು. ನಾಲ್ಕನೇ ಕಮಾಂಡ್‌ಗೆ ಸುಡೋ ಬೇಡ. ತಂದದ್ದೆಲ್ಲ ಆ ಫೋಲ್ಡರಿನೊಳಗೇ ಇರುತ್ತದೆ. ಏನಾದರೂ ತಪ್ಪಿದರೆ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಬಹುದು. ಹೊರಬರಲು ಡಿಆ್ಯಕ್ಟಿವೇಟ್ ಎನ್ನಿ. ಲೈಬ್ರರಿ ಬಂದಿದೆಯೇ ಎಂದು ನೋಡಲು ಪೈಥಾನ್ ತೆರೆದು ಇಂಪೋರ್ಟ್ ಮ್ಯಾಟ್‌ಪ್ಲಾಟ್‌ಲಿಬ್ ಎಂದು ಕೊಡಿ. ದೋಷ ಬಾರದಿದ್ದರೆ ಸಿದ್ಧ.

ಒಂದು ಎಚ್ಚರಿಕೆ: ಪಿಪ್ ಹುಡುಕುವ ಪೈಪಿಐ ಭಂಡಾರಕ್ಕೆ ಯಾರು ಬೇಕಾದರೂ ಪ್ಯಾಕೇಜ್ ಸೇರಿಸಬಹುದು. ಪ್ರಸಿದ್ಧ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕೆಟ್ಟ ಕೋಡ್ ಇಟ್ಟವರೂ ಇದ್ದಾರೆ. ಎಂಟರ್ ಒತ್ತುವ ಮೊದಲು ಸ್ಪೆಲ್ಲಿಂಗ್ ಇನ್ನೊಮ್ಮೆ ಓದಿ.

ನೆನಪಿಡಬೇಕಾದದ್ದು ಇಷ್ಟೇ: ಇಡೀ ಯಂತ್ರಕ್ಕೆ ಬೇಕಾದದ್ದು ಆ್ಯಪ್ಟ್‌ನಿಂದ, ನಿಮ್ಮ ಪ್ರಾಜೆಕ್ಟ್‌ಗೆ ಮಾತ್ರ ಬೇಕಾದದ್ದು ವೆನ್ವ್ ಒಳಗೆ ಪಿಪ್‌ನಿಂದ. ಲ್ಯಾಬಿನ ಒಂದೊಂದು ಕಂಪ್ಯೂಟರನ್ನೂ ಹಲವರು ಸರದಿಯಲ್ಲಿ ಬಳಸುತ್ತೇವೆ. ಅದು ನಮ್ಮ ಕೈಗೆ ಕೊಟ್ಟ ಅಮಾನತ್. ನಮ್ಮ ಅವಸರಕ್ಕೆ ಮುಂದಿನ ಬ್ಯಾಚಿನವರ ಪಾಠ ನಿಲ್ಲಬಾರದು.

ಅಭ್ಯಾಸ: ಹತ್ತು ದಿನದ ಜಲಾಶಯ ಮಟ್ಟವನ್ನು ಪತ್ರಿಕೆಯಿಂದ ಬರೆದುಕೊಂಡು, ವೆನ್ವ್ ಒಳಗೆ ಗ್ರಾಫ್ ಬಿಡಿಸಿ.