ಕಂಡುದನ್ನು ಬರೆದಿಡುವ ಅಭ್ಯಾಸ

ಕೇಳಿ ತಿಳಿದುದು ಒಂದು ತೆರನಾದ ಅರಿವು. ಕಂಡು ತಿಳಿದುದು ಇನ್ನೊಂದು ತೆರನಾದುದು. ಇವೆರಡರ ಅಂತರವು ನನಗೆ ಮನವರಿಕೆಯಾದುದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಮೇಘದೂತದ ಪಾಠದಲ್ಲಿ ಚಾತಕಪಕ್ಷಿಯ ಪ್ರಸ್ತಾಪ ಬಂದಿತ್ತು. ಮಳೆಹನಿಯನ್ನಲ್ಲದೆ ಅನ್ಯ ಜಲವನ್ನು ಅದು ಮುಟ್ಟದೆಂಬ ಕವಿಸಮಯವನ್ನು ವಿವರಿಸುತ್ತಿದ್ದೆನು. “ಆ ಹಕ್ಕಿ ಹೇಗಿರುತ್ತದೆ, ಗುರುಗಳೆ?” ಎಂದು ಹುಡುಗನು ಕೇಳಿದನು. ಮೂವತ್ತು ವರ್ಷ ಆ ಶಬ್ದಕ್ಕೆ ಅರ್ಥ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಅಂದೇ ಒಂದು ನೋಟುಪುಸ್ತಕವನ್ನು ಕೊಂಡು, ಪ್ರತಿದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆದು, ಕಂಡುದನ್ನು ಬರೆಯತೊಡಗಿದೆನು. ಮೊದಲ ವಾರದ ಬರಹವನ್ನು ಓದಿದರೆ ಈಗ ನಗೆ ಬರುತ್ತದೆ: “ಒಂದು ಮರ, ಎರಡು ಹಕ್ಕಿ.” ಬರೆಯಲು ಕುಳಿತಾಗಲೇ, ನೋಡಿದುದು ಎಷ್ಟು ಅಲ್ಪವೆಂಬುದು ತಿಳಿಯುವುದು. ಕ್ರಮೇಣ ಎಲೆಯ ಅಂಚು, ಕೊಕ್ಕಿನ ಬಣ್ಣ, ಕೂಗಿನ ಏರಿಳಿತಗಳು ಪುಟವನ್ನು ಸೇರಿದವು. ನಡಿಗೆಯ ಹಾದಿ ಹಿಂದಿನದೇ. ಅದರ ಆನಂದ ಮಾತ್ರ ಇಮ್ಮಡಿಯಾಯಿತು.

ಎರಡನೆಯ ವರ್ಷದ ಜ್ಯೇಷ್ಠದಲ್ಲಿ ಜಾಲಿಯ ಮರದ ಮೇಲೆ ಅದನ್ನು ಕಂಡೆನು: ಮೇಲೆ ಕಪ್ಪು, ಕೆಳಗೆ ಬಿಳುಪು, ತಲೆಯ ಮೇಲೆ ಚೂಪಾದ ಜುಟ್ಟು. ಚಾತಕವು ಕಂಬಳಿಹುಳುವನ್ನು ನುಂಗುತ್ತಿತ್ತು! ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿಯ ಪೋಷಣೆಯನ್ನು ಅದಕ್ಕೇ ಒಪ್ಪಿಸುವುದೆಂದು ಬಳಿಕ ತಿಳಿದೆನು. ಹಾಗಾದರೆ ಕವಿಯ ಮಾತು ಸುಳ್ಳೆ? ಅಲ್ಲ. ಈ ಹಕ್ಕಿಗಳಲ್ಲಿ ಕೆಲವು ದಕ್ಷಿಣದಲ್ಲಿ ವರ್ಷವಿಡೀ ಇರುತ್ತವೆ. ಉಳಿದವು ಆಫ್ರಿಕದಿಂದ ಮುಂಗಾರಿನೊಡನೆ ಬರುತ್ತವೆ. ಮೇಘಕ್ಕೂ ಚಾತಕಕ್ಕೂ ಇರುವ ನಂಟನ್ನು ಪೂರ್ವಿಕರು ಕಣ್ಣಾರೆ ಕಂಡೇ ಹೇಳಿದ್ದರು.

ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ ಎಂಬಾತನು 1768ರಿಂದ 1793ರಲ್ಲಿ ಮರಣಹೊಂದುವವರೆಗೂ ಇಂತಹ ದಿನಚರಿಯನ್ನು ಬರೆದನು. ನೋಟಕ್ಕೆ ಒಂದೇ ತೆರನಾಗಿದ್ದ ಸಣ್ಣ ಹಕ್ಕಿಗಳಲ್ಲಿ ಮೂರು ಜಾತಿಗಳಿರುವುದನ್ನು ಕೂಗಿನ ಭೇದದಿಂದ ಗುರುತಿಸಿದನು. ಅವನು ಇದಕ್ಕಾಗಿ ದೇಶಾಂತರ ಹೋಗಲಿಲ್ಲ. ತನ್ನ ಊರನ್ನೇ ನೋಡಿದನು.

ಈ ಅಭ್ಯಾಸದ ಕ್ರಮ ಸುಲಭವಾದುದು. ಮೊದಲು ತಿಥಿ, ವೇಳೆ, ಸ್ಥಳಗಳನ್ನು ಬರೆಯತಕ್ಕದ್ದು. ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯತಕ್ಕದ್ದು. ಹೆಸರು ತಿಳಿಯದಿದ್ದರೆ ಜಾಗವನ್ನು ಬಿಡಬೇಕು. ಸುಳ್ಳು ಹೆಸರು ಕೂಡದು. ಚಿತ್ರವು ಸೊಟ್ಟಗಾದರೂ ಚಿಂತೆಯಿಲ್ಲ. ಬರೆಯಲು ನೋಡಿದ ನೋಟವೇ ಮುಖ್ಯ. ಗೃಹಸ್ಥರಿಗೆ ಹಿತ್ತಿಲ ನುಗ್ಗೆಯ ಮರವೊಂದೇ ವರ್ಷಕ್ಕೆ ಸಾಕಾಗುವ ಪಾಠ.

ಪ್ರಶ್ನೆ ಕೇಳಿದ ಹುಡುಗನು ನನಗೆ ಉತ್ತರ ದೊರೆಯುವ ಮೊದಲೇ ಶಾಲೆಯನ್ನು ಬಿಟ್ಟು ಹೋಗಿದ್ದನು. ಆ ಋಣ ಉಳಿದಿದೆ. ಈಗ ಆ ಶ್ಲೋಕ ಬಂದಾಗಲೆಲ್ಲ ಮೊದಲು ನೋಟುಪುಸ್ತಕದ ಆ ಪುಟವನ್ನು ತೋರಿಸುತ್ತೇನೆ. ಆಮೇಲೆ ಅರ್ಥವನ್ನು ಹೇಳುತ್ತೇನೆ.